ಜಿಪ್ಸಿ ಎಂಜಿನ್, ಸ್ವಂತ ವಿಮಾನ: ಕಾರ್ಬ್ಯುರೇಟರ್ ಇಡಲೋ, ಇಎಫ್‌ಐ ಹಾಕಲೋ?

ರೆಕ್ಕೆ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೆಳೆಯನ ಶೆಡ್ ಇದೆ. ಅಲ್ಲೊಂದು ಎಂಜಿನ್ ಸ್ಟ್ಯಾಂಡ್ ನಿಲ್ಲಿಸಿದ್ದೇವೆ. ಮೇಲೆ ಕೂತಿರುವುದು ಮಾರುತಿ ಜಿಪ್ಸಿಯ ಜಿ13ಬಿಬಿ ಎಂಜಿನ್. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. ಗಾಡಿಯಲ್ಲಿದ್ದಾಗ 6000 ಆರ್‌ಪಿಎಂಗೆ 80 ಅಶ್ವಶಕ್ತಿ ಕೊಡುತ್ತಿತ್ತು. ಮುಂದೆ ತಿರುಗುವ ವೇಗ ಇಳಿಸುವ ಬೆಲ್ಟ್ ರಿಡಕ್ಷನ್, ಅದಕ್ಕೆ ಮರದ ಪ್ರೊಪೆಲ್ಲರ್. ಇಬ್ಬರು ಕೂರುವ ಸಣ್ಣ ವಿಮಾನದ ಕನಸು. ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಅನುಮತಿ ಇಲ್ಲದೆ ಚಕ್ರ ನೆಲ ಬಿಡುವುದಿಲ್ಲ, ಅದು ಗೊತ್ತಿದೆ. ಆ ಕಾಗದಪತ್ರದ ಮಾತು ಇಲ್ಲಿ ಬೇಡ.

ಕೇಳಬೇಕಾಗಿರುವುದು ಇಂಧನದ ಬಗ್ಗೆ. ಕಂಪನಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಗಾಡಿಯ ವೇಗದ ಸೆನ್ಸರ್ ಎಲ್ಲಿ ಎಂದು ಕೇಳುತ್ತಾ ದೀಪ ಹಚ್ಚಿಕೊಂಡು ಕೂತಿದೆ. ಅದನ್ನು ತೆಗೆದು ನಾವೇ ಪ್ರೋಗ್ರಾಂ ಮಾಡುವ ಇಸಿಯು ಹಾಕಬಹುದು. ಇಲ್ಲವೇ ಎಲ್ಲ ಕಿತ್ತು ಎರಡು ಕಾರ್ಬ್ಯುರೇಟರ್ ಕೂರಿಸಬಹುದು. ಗೆಳೆಯ ಕಾರ್ಬ್ಯುರೇಟರ್ ಪಕ್ಷ. ನಾನು ಇಂಜೆಕ್ಷನ್ ಪಕ್ಷ, ಅಂದರೆ ಇಸಿಯು ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರ್ ಸಿಂಪಡಿಸುವ ಇಎಫ್‌ಐ. ನೀವು ಏನಂತೀರಿ?

ತೊಗರಿ_ಕಣಜ

ಗೆಳೆಯನ ಮಾತು ಕೇಳಿ. ಕಾರ್ಬ್ಯುರೇಟರ್‌ಗೆ ಕರೆಂಟ್ ಬೇಡ. ಪೆಟ್ರೋಲ್ ಮೇಲಿನಿಂದ ಇಳಿಯುತ್ತದೆ, ಗಾಳಿ ಎಳೆಯುತ್ತದೆ, ಎಂಜಿನ್ ಓಡುತ್ತದೆ. ಎತ್ತರ ರೆಕ್ಕೆಯಲ್ಲಿ ಟ್ಯಾಂಕ್ ಇದ್ದರೆ ಪಂಪ್ ಕೂಡ ಬೇಡ. ಕೆಡುವುದಕ್ಕೆ ಅಲ್ಲಿ ಏನಿದೆ ಹೇಳಿ?

ಶಹಾಪುರ_ಸ್ಪ್ಯಾನರ್

ಕೆಡುವುದಕ್ಕೆ ಬೇಕಾದಷ್ಟಿದೆ ರೀ. ಜೆಟ್ ಕಟ್ಟುತ್ತದೆ, ಫ್ಲೋಟ್ ಸೂಜಿ ಸೋರುತ್ತದೆ, ಎರಡು ಕಾರ್ಬ್ ಇದ್ದರೆ ಒಂದಕ್ಕೊಂದು ಹೊಂದಿಸಿ ಹೊಂದಿಸಿ ಕೈ ಸೋಲುತ್ತದೆ. ನಾನು ಬೈಕ್ ಮೆಕ್ಯಾನಿಕ್. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ನಮ್ಮ ಯಾದಗಿರಿ ಕಡೆ ಎಲ್ಲರೂ ಹೆದರಿದ್ದರು. ಸ್ಪ್ಲೆಂಡರ್‌ಗೂ ಇಂಜೆಕ್ಷನ್ ಬಂತು, ಇನ್ನು ನಮ್ಮ ಕಸುಬು ಮುಗೀತು ಅಂತ. ಏನೂ ಆಗಲಿಲ್ಲ. ಇಂಜೆಕ್ಟರ್ ಕೆಟ್ಟು ಬರುವ ಗಾಡಿ ಕಡಿಮೆ. ಬರುವುದೆಲ್ಲ ಕನೆಕ್ಟರ್ ಸಡಿಲ, ಇಲಿ ಕಡಿದ ವೈರ್, ಸತ್ತ ಬ್ಯಾಟರಿ, ಟ್ಯಾಂಕಿನಲ್ಲಿ ನೀರು.

ತೊಗರಿ_ಕಣಜ

ನೀವೇ ಹೇಳಿದಿರಲ್ಲ, ಸತ್ತ ಬ್ಯಾಟರಿ ಅಂತ. ಬೈಕ್ ಆದರೆ ತಳ್ಳಿಕೊಂಡು ಬರಬಹುದು. 😄

ಕೆಂಪುಮಣ್ಣು_ಬೀದರ್

ಕಾರ್ಬ್ಯುರೇಟರ್ ಪಕ್ಷದವರು ಐಸಿಂಗ್ ಮರೆತಿದ್ದೀರಿ. ಬಿಸಿಲ ನಾಡಿನಲ್ಲಿ ಎಂಥ ಐಸ್ ಅಂತ ನಗಬೇಡಿ. ವೆಂಚುರಿಯಲ್ಲಿ, ಅಂದರೆ ಕಾರ್ಬ್ ಒಳಗಿನ ಕಿರಿದಾದ ಕುತ್ತಿಗೆಯಲ್ಲಿ, ಗಾಳಿಯ ಒತ್ತಡ ಇಳಿಯುತ್ತದೆ, ಅಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಗಾಳಿ 20 ಡಿಗ್ರಿಗೂ ಜಾಸ್ತಿ ತಣ್ಣಗಾಗಬಹುದು. ಜುಲೈ-ಆಗಸ್ಟ್‌ನಲ್ಲಿ ನಮ್ಮಲ್ಲಿ ಹೊರಗೆ 24 ಡಿಗ್ರಿ, ಗಾಳಿ ತುಂಬಾ ತೇವ. ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತೀರಿ. ಐಸ್ ಕಟ್ಟುವುದಕ್ಕೆ ಅದೇ ಹದವಾದ ಹೊತ್ತು. ಮೇ ತಿಂಗಳ 42 ಡಿಗ್ರಿಯಲ್ಲಿ ಕಟ್ಟುವುದಿಲ್ಲ, ಶ್ರಾವಣದ ಮೋಡದಲ್ಲಿ ಕಟ್ಟುತ್ತದೆ. ಕಾರ್ಬ್ ಹಾಕಿದರೆ ಬಿಸಿಗಾಳಿ ಕೊಡುವ ವ್ಯವಸ್ಥೆ ಕಡ್ಡಾಯ. ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಬೀಳುವುದು ಬಿಸಿಯಾದ ವಾಲ್ವಿನ ಹಿಂದೆ. ಹಾಗಾಗಿ ಆ ತಲೆನೋವು ಬಹುಮಟ್ಟಿಗೆ ಹೋಗುತ್ತದೆ.

ಇನ್ನೊಂದು, ಹಳೆಯ ಕಥೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಮರ್ಲಿನ್ ಎಂಜಿನ್‌ಗೆ ಫ್ಲೋಟ್ ಕಾರ್ಬ್ಯುರೇಟರ್ ಇತ್ತು. ಪೈಲಟ್ ಮೂಗು ಗಕ್ಕನೆ ಕೆಳಗೆ ಮಾಡಿದರೆ ಎಂಜಿನ್ ಕೆಮ್ಮುತ್ತಿತ್ತು. ಜರ್ಮನರ ಡಿಬಿ 601ಗೆ ನೇರ ಇಂಜೆಕ್ಷನ್, ಅದಕ್ಕೆ ಆ ಕಾಟ ಇರಲಿಲ್ಲ. ಕೊನೆಗೆ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ 1941ರಲ್ಲಿ ಇಂಧನದ ದಾರಿಗೆ ಒಂದು ಸಣ್ಣ ತೂತಿನ ಬಿಲ್ಲೆ ಹಾಕಿಸಿದರು. ತಾತ್ಕಾಲಿಕ ಪರಿಹಾರವೇ, ಆದರೆ ಕೆಲಸ ಮಾಡಿತು. ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದವರು ತಲೆಕೆಳಗಾಗಿ ಹೋಗುವುದನ್ನು ನೋಡಿ ಬೆಳೆದ ಬೀದರಿನವರಿಗೆ ಈ ಕಥೆ ಹಿಡಿಸುತ್ತದೆ.

ರೆಕ್ಕೆ_ಕಲಬುರಗಿ

ತಲೆಕೆಳಗೆ ಹಾರುವ ಯೋಚನೆ ನಮಗಿಲ್ಲ, ನೆಟ್ಟಗೆ ಹಾರಿದರೆ ಸಾಕು. ಇಂಜೆಕ್ಷನ್ ಅಂತಲೇ ಇಟ್ಟುಕೊಳ್ಳೋಣ. ಇಂಜೆಕ್ಟರ್ ಅಳತೆ ಸರಿ ಇದೆಯಾ ಅಂತ ಹೇಗೆ ನೋಡುವುದು? ಕಂಪನಿಯದೇ ಸಾಕಾ?

ಕೆಂಪುಮಣ್ಣು_ಬೀದರ್

ಲೆಕ್ಕ ಸುಲಭ. ಇಂಥ ಎಂಜಿನ್ ಒಂದು ಕಿಲೋವಾಟ್-ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದುಕೊಳ್ಳಿ. 80 ಅಶ್ವಶಕ್ತಿ ಅಂದರೆ ಸುಮಾರು 60 ಕಿಲೋವಾಟ್. ಗಂಟೆಗೆ 18 ಕೆಜಿ. ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ತಲಾ 4.5 ಕೆಜಿ. ಅದು ನಿಮಿಷಕ್ಕೆ ಸುಮಾರು 100 ಸಿಸಿ. ಇಂಜೆಕ್ಟರನ್ನು ಪೂರ್ತಿ ಹೊತ್ತು ತೆರೆದಿಡಬಾರದು, 80% ಸಾಕು. ಹಾಗಾದರೆ 125 ಸಿಸಿ ಬೇಕು. ಟೇಕಾಫ್‌ಗೆ ಮಿಶ್ರಣ ಸ್ವಲ್ಪ ಗಟ್ಟಿ (ಪೆಟ್ರೋಲ್ ಜಾಸ್ತಿ) ಇರಬೇಕು, ಅದಕ್ಕೆ 150ರ ಹತ್ತಿರ ಇಟ್ಟುಕೊಳ್ಳಿ. ಕಂಪನಿಯದು ಇದೇ ಎಂಜಿನ್‌ಗೆ ಕೂರಿಸಿದ್ದು, ಸಾಕಾಗುತ್ತದೆ. ಹೇಗಿದ್ದರೂ ನೀವು 6000ಕ್ಕೆ ಓಡಿಸುವುದಿಲ್ಲ ಅಲ್ವಾ?

ಅಳತೆಗಿಂತ ಒತ್ತಡ ಮುಖ್ಯ. ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲದ ಮೇಲೆ ನಿಂತಿದೆ. 3 ಬಾರ್ ಇರಬೇಕಾದ ಒತ್ತಡ 2.5ಕ್ಕೆ ಇಳಿದರೆ ಹರಿವು ಸುಮಾರು 9% ಕಡಿಮೆ. ಪಂಪ್ ಸವೆದಿದೆ, ಫಿಲ್ಟರ್ ಕಟ್ಟಿದೆ ಅಂತ ಇಸಿಯುಗೆ ಗೊತ್ತಾಗುವುದಿಲ್ಲ. ಅದು ಮೊದಲಿನಷ್ಟೇ ಹೊತ್ತು ತೆರೆದು ಸುಮ್ನೆ ಕೂರುತ್ತದೆ. ಎಂಜಿನ್ ಬಡವಾಗಿ (ಗಾಳಿಗೆ ಪೆಟ್ರೋಲ್ ಸಾಲದೆ), ಬಿಸಿಯಾಗಿ ಓಡುತ್ತದೆ. ಹಾಗಾಗಿ ಇಂಧನ ಒತ್ತಡದ ಮೀಟರ್ ಕಣ್ಣೆದುರಿಗೇ ಇರಲಿ, ಕೆಂಪು ದೀಪದ ಜೊತೆ.

ಹಳೇ_ಏರ್‌ಮನ್

ಇಷ್ಟು ಹೊತ್ತು ಓದುತ್ತಿದ್ದೆ. ವಾಯುಪಡೆಯಲ್ಲಿ ವಿದ್ಯುತ್ ವಿಭಾಗದಲ್ಲಿದ್ದೆ, ಈಗ ನಿವೃತ್ತ. ನೀವೆಲ್ಲ ಕಾರ್ಬ್ ಬೇಕೋ ಇಂಜೆಕ್ಟರ್ ಬೇಕೋ ಅಂತ ಜಗಳ ಆಡುತ್ತಿದ್ದೀರಿ. ನನ್ನ ಪ್ರಕಾರ ಪ್ರಶ್ನೆ ಅದಲ್ಲ. ಇಂಜೆಕ್ಟರ್ ಒಳ್ಳೆಯದೇ. ಅದರ ಹಿಂದಿರುವ ಕರೆಂಟ್ ಎಲ್ಲಿಂದ ಬರುತ್ತದೆ, ಪೆಟ್ರೋಲ್ ಎಲ್ಲಿಂದ ಬರುತ್ತದೆ, ಅದನ್ನು ಮೊದಲು ಕಾಗದದ ಮೇಲೆ ಬರೆಯಿರಿ.

ಹಳೆಯ ಲೈಕಮಿಂಗ್ ವಿಮಾನ ಎಂಜಿನ್ ನೋಡಿ. ಎರಡು ಮ್ಯಾಗ್ನೆಟೊ. ಎಂಜಿನ್ ತಿರುಗುತ್ತಿದ್ದರೆ ಅವು ತಾವೇ ಕಿಡಿ ಹುಟ್ಟಿಸುತ್ತವೆ. ಬ್ಯಾಟರಿ ಕಿತ್ತು ಎಸೆದರೂ ಎಂಜಿನ್ ನಿಲ್ಲುವುದಿಲ್ಲ. ಸಿಲಿಂಡರ್‌ಗೆ ಎರಡು ಪ್ಲಗ್. ನಿಮ್ಮ ಜಿಪ್ಸಿ ಎಂಜಿನ್‌ಗೆ ಸಿಲಿಂಡರ್‌ಗೆ ಒಂದೇ ಪ್ಲಗ್, ಮ್ಯಾಗ್ನೆಟೊ ಇಲ್ಲವೇ ಇಲ್ಲ. ಅಂದಮೇಲೆ ಕಾರ್ಬ್ ಹಾಕಿದರೂ ಕಿಡಿಗೆ ಬ್ಯಾಟರಿ ಬೇಕೇ ಬೇಕು. ಕಾರ್ಬ್‌ಗೆ ಕರೆಂಟ್ ಬೇಡ ಅನ್ನುವ ವಾದ ಈ ಎಂಜಿನ್ ಮಟ್ಟಿಗೆ ಅರ್ಧ ಬಿದ್ದುಹೋಯಿತು.

ಈಗ ಹೊರೆ ಲೆಕ್ಕ ಹಾಕಿ. ಹೈ ಪ್ರೆಶರ್ ಪಂಪ್ ಒಂದಕ್ಕೆ ಸುಮಾರು 5 ಆಂಪಿಯರ್. ಕಾಯಿಲ್‌ಗಳಿಗೆ 3-4. ಇಸಿಯು, ಇಂಜೆಕ್ಟರ್ ಸೇರಿ 3. ಒಟ್ಟು 12 ಅನ್ನಿ. ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ತುಂಬುವ ಜನರೇಟರ್) ಸತ್ತರೆ ಉಳಿಯುವುದು ಬ್ಯಾಟರಿ, ಅದು 18 ಆಂಪಿಯರ್-ಗಂಟೆ. ಕಾಗದದಲ್ಲಿ ಒಂದೂವರೆ ಗಂಟೆ. ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಬ್ಯಾಟರಿ ಹಳತಾಗಿರುತ್ತದೆ. ನಮ್ಮ ಬೇಸಿಗೆ ಲೆಡ್ ಆಸಿಡ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ವೋಲ್ಟೇಜ್ ಇಳಿದ ಹಾಗೆ ಪಂಪ್ ಬಲ ಕಳೆದುಕೊಳ್ಳುತ್ತದೆ, ಇಂಜೆಕ್ಟರ್ ತೆರೆಯುವುದು ನಿಧಾನವಾಗುತ್ತದೆ. ನಾನಾದರೆ ಅರ್ಧ ಮಾತ್ರ ನಂಬುತ್ತೇನೆ, ಮುಕ್ಕಾಲು ಗಂಟೆ. ಕಲಬುರಗಿಯಿಂದ ಬೀದರ್‌ಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ನಿಮ್ಮ ವಿಮಾನದ ವೇಗ ಗಂಟೆಗೆ 120 ಇದ್ದರೆ ಹೊರಟ ಕೂಡಲೇ ಆಲ್ಟರ್ನೇಟರ್ ಸತ್ತರೆ ತಲುಪುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ಅದೂ ಬೀದರಿನದು ವಾಯುಪಡೆಯ ನೆಲೆ, ಕೇಳದೆ ಇಳಿಯುವ ಜಾಗ ಅಲ್ಲ.

ಆಲ್ಟರ್ನೇಟರ್ ಸತ್ತರೆ ಸಮಯವಾದರೂ ಸಿಗುತ್ತದೆ. ಅದರ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ? 12 ವೋಲ್ಟ್ ಲೈನ್ ಮೇಲೆ 18-20 ವೋಲ್ಟ್ ಬಂದರೆ ಎರಡು ಇಸಿಯು ಇದ್ದರೂ ಎರಡೂ ಒಟ್ಟಿಗೇ ಸುಡಬಹುದು. ಅದಕ್ಕೆ ಓವರ್‌ವೋಲ್ಟೇಜ್ ಕಟಾಫ್ ಬೇಕು, ಆಲ್ಟರ್ನೇಟರ್ ಫೀಲ್ಡನ್ನೇ (ಅದಕ್ಕೆ ಕಾಂತಶಕ್ತಿ ಕೊಡುವ ಸುರುಳಿಯ ಕರೆಂಟನ್ನು) ಕಡಿಯುವಂಥದ್ದು.

ಎರಡು ಬ್ಯಾಟರಿ ಹಾಕುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ನೋಡಲು ಹೋದರೆ ಎರಡೂ ಒಂದೇ ಮಾಸ್ಟರ್ ರಿಲೇ ಮೂಲಕ ಹೋಗಿರುತ್ತವೆ. ಅಥವಾ ಎರಡರ ಅರ್ಥ್ ವೈರೂ ಒಂದೇ ಬೋಲ್ಟಿಗೆ ಕಟ್ಟಿರುತ್ತಾರೆ. ಆ ಬೋಲ್ಟ್ ಸಡಿಲಾದರೆ ಎರಡೂ ಬ್ಯಾಟರಿ ಅಲಂಕಾರಕ್ಕೆ. ಪ್ರತಿ ಇಸಿಯುಗೆ ಅದರದೇ ಫ್ಯೂಸ್, ಅದರದೇ ಸ್ವಿಚ್, ಅದರದೇ ಅರ್ಥ್. ಪಂಪ್ ಎರಡಕ್ಕೂ ಹಾಗೇ. ಡ್ರಾಯಿಂಗ್ ಮುಂದಿಟ್ಟುಕೊಂಡು ಒಂದೊಂದು ವೈರ್ ಮೇಲೆ ಬೆರಳಿಡಿ. ಇದು ಕಡಿದರೆ ಎಂಜಿನ್ ಓಡುತ್ತದಾ? ಇಲ್ಲ ಅಂತ ಬಂದ ಕಡೆ ಕೆಂಪು ಗುರುತು ಹಾಕಿ. ಕೆಂಪು ಗುರುತು ಒಂದೂ ಇಲ್ಲದಂತಾಗುವ ತನಕ ಪೆನ್ ಕೆಳಗಿಡಬೇಡಿ.

ಎಂಜಿನ್ ಎಲ್ಲಿಗೆ ತಿರುಗಿದೆ ಎಂದು ಹೇಳುವ ಕ್ರಾಂಕ್ ಸೆನ್ಸರ್ ಇನ್ನೊಂದು. ಬೇರೆ ಯಾವುದಾದರೂ ಸೆನ್ಸರ್ ಕೆಟ್ಟರೆ ಇಸಿಯು ಅಂದಾಜಿನ ಮೇಲೆ ಹೇಗೋ ಓಡಿಸಬಹುದು. ಇದೊಂದು ಹೋದರೆ ಯಾವಾಗ ಕಿಡಿ ಕೊಡಬೇಕು ಅಂತಲೇ ಗೊತ್ತಾಗುವುದಿಲ್ಲ. ಎರಡು ಸೆನ್ಸರ್ ಹಾಕಿ, ಗಟ್ಟಿ ಬ್ರಾಕೆಟ್ ಮೇಲೆ. ನಿಮ್ಮದು ಬೆಲ್ಟ್ ರಿಡಕ್ಷನ್, ಅದುರುವಿಕೆ ಜಾಸ್ತಿ. ತಗಡಿನ ಬ್ರಾಕೆಟ್ ಬಿರುಕು ಬಿಡುತ್ತದೆ.

ಶಹಾಪುರ_ಸ್ಪ್ಯಾನರ್

ಸಾರ್, ಲಿಥಿಯಂ ಬ್ಯಾಟರಿ ಹಗುರ ಅಲ್ವಾ?

ಹಳೇ_ಏರ್‌ಮನ್

ಹಗುರವೇ. ಆದರೆ ಅದರ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ತನಗೆ ಅಪಾಯ ಅನಿಸಿದ ಕ್ಷಣ ಬಾಗಿಲು ಮುಚ್ಚುತ್ತದೆ. ಲೆಡ್ ಆಸಿಡ್ ಸಾಯುವ ಮುಂಚೆ ಸೂಚನೆ ಕೊಡುತ್ತದೆ. ಇದು ಕೊಡುವುದಿಲ್ಲ. ಹಾಕುವುದಾದರೆ ಎರಡರಲ್ಲಿ ಒಂದು ಮಾತ್ರ.

ತೊಗರಿ_ಕಣಜ

ಇಷ್ಟೆಲ್ಲ ಬೇಕಾದರೆ ರೆಡಿ ವ್ಯವಸ್ಥೆ ಸಿಗುವುದಿಲ್ಲವೇ? ಸಣ್ಣ ವಿಮಾನಗಳ ಎಂಜಿನ್ ಮಾಡುವ ರೋಟ್ಯಾಕ್ಸ್‌ನವರು ಹೇಗೆ ಮಾಡಿದ್ದಾರೆ?

ಕೆಂಪುಮಣ್ಣು_ಬೀದರ್

ರೋಟ್ಯಾಕ್ಸ್ 912 ಐಎಸ್ 2012ರಲ್ಲಿ ಬಂತು, 100 ಅಶ್ವಶಕ್ತಿ. ಏರ್‌ಮನ್ ಸರ್ ಹೇಳಿದ್ದೇ ಅಲ್ಲಿ ಕಾರ್ಖಾನೆಯಲ್ಲೇ ಮಾಡಿದ್ದಾರೆ. ಇಸಿಯು ಒಳಗೆ ಎ ಲೇನ್, ಬಿ ಲೇನ್ ಅಂತ ಎರಡು ದಾರಿ. ಎಂಜಿನ್ ಮೇಲೇ ಎರಡು ಜನರೇಟರ್. ಒಂದು ಎಂಜಿನ್‌ಗೆ ಮೀಸಲು, ಇನ್ನೊಂದು ವಿಮಾನದ ಉಳಿದ ಕೆಲಸಕ್ಕೆ. ಎಂಜಿನ್‌ನದು ಕೆಟ್ಟರೆ ಇನ್ನೊಂದು ಅದರ ಕೆಲಸಕ್ಕೆ ಬರುತ್ತದೆ. ಹೊರಗಿನ ಬ್ಯಾಟರಿಯನ್ನು ನೆಚ್ಚಿ ಕೂತಿಲ್ಲ. ಅದೇ ಕಂಪನಿಯ ಹಳೆಯ 912 ಯುಎಲ್‌ಎಸ್‌ಗೆ ಎರಡು ಬಿಂಗ್ ಕಾರ್ಬ್ಯುರೇಟರ್. ಅದನ್ನು ಇವತ್ತಿಗೂ ಜನ ಬಿಟ್ಟಿಲ್ಲ.

ಲೈಕಮಿಂಗ್‌ನಂಥ ಎಂಜಿನ್‌ಗೆ ಹೊರಗಿನಿಂದ ಕೂರಿಸುವ ಕಿಟ್‌ಗಳೂ ಇವೆ. ಕೆನಡಾದ ಎಸ್‌ಡಿಎಸ್, ಅಮೆರಿಕದ ಇಎಫ್‌ಐಐ ಇದರಲ್ಲಿ ಹೆಸರು ಮಾಡಿವೆ. ಸಾವಿರಾರು ಡಾಲರ್, ಮೇಲೆ ನಮ್ಮ ಕಸ್ಟಮ್ಸ್. ಅಮೆರಿಕದಲ್ಲಿ ವಿಮಾನದ ದೊಡ್ಡ ಪಾಲನ್ನು ಹವ್ಯಾಸಿಗಳೇ ಕಟ್ಟಿದ್ದರೆ ಅದು ಎಕ್ಸ್‌ಪೆರಿಮೆಂಟಲ್ ವರ್ಗಕ್ಕೆ ಹೋಗುತ್ತದೆ. ಅದಕ್ಕೆ ಯಾವ ಇಸಿಯು ಬೇಕಾದರೂ ಹಾಕಿಕೊಳ್ಳಬಹುದು. ಪ್ರಮಾಣೀಕೃತ ಎಂಜಿನ್-ಪ್ರೊಪೆಲ್ಲರ್ ಜೋಡಿ ಅಲ್ಲದಿದ್ದರೆ ಸಾಮಾನ್ಯವಾಗಿ ಮೊದಲ 40 ಗಂಟೆ ಗೊತ್ತುಪಡಿಸಿದ ಜಾಗದಲ್ಲಷ್ಟೇ ಹಾರಬೇಕು. ಅವರ ನಿಯಮ ನಮಗೆ ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿನ ಬುದ್ಧಿ ನಮಗೂ ಬೇಕು.

ರೆಕ್ಕೆ_ಕಲಬುರಗಿ

ಏರ್‌ಮನ್ ಸರ್, ನಿಮ್ಮ ಕೆಂಪು ಪೆನ್ ಕೆಲಸ ಶುರು ಮಾಡಿದೆವು. ನಮ್ಮ ಡ್ರಾಯಿಂಗ್ ಈಗ ಪೂರ್ತಿ ಕೆಂಪು. 🙂 ಇಂಧನದ ಕಡೆ ಏನು ಮಾಡಬೇಕು? ಎತ್ತರ ರೆಕ್ಕೆ, ಎರಡು ಟ್ಯಾಂಕ್, ನಡುವೆ ಎಡ-ಬಲ ಸೆಲೆಕ್ಟರ್ ವಾಲ್ವ್ ಇದೆ. ಪಂಪ್ ಎಂಜಿನ್ ಪಕ್ಕ, ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಫೈರ್‌ವಾಲ್ ಮೇಲೆ ಇಡೋಣ ಅಂತಿದ್ದೇವೆ, ಪೈಪ್ ಕಡಿಮೆ ಆಗುತ್ತದೆ.

ಕೆಂಪುಮಣ್ಣು_ಬೀದರ್

ಫೈರ್‌ವಾಲ್ ಮೇಲೆ ಬೇಡವೇ ಬೇಡ. ಪೆಟ್ರೋಲ್ ಕುದಿಯುವುದು ಪಂಪಿನ ಮುಂದೆ ಅಲ್ಲ, ಹಿಂದೆ. 3 ಬಾರ್ ಒತ್ತಡದಲ್ಲಿರುವ ಪೆಟ್ರೋಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಪಂಪ್ ಎಳೆಯುವ ಕಡೆ ಒತ್ತಡ ಕಡಿಮೆ. ಅಲ್ಲಿ ಬಿಸಿ ಪೈಪ್ ಇದ್ದರೆ ಗುಳ್ಳೆ ಏಳುತ್ತದೆ, ಪಂಪ್ ಗುಳ್ಳೆಯನ್ನು ತಳ್ಳಲಾರದು. ಮೇ ತಿಂಗಳಲ್ಲಿ ಒಂದು ಸುತ್ತು ಹಾರಿ ಬಂದು ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿದಾಗ ಕೌಲಿಂಗ್ (ಎಂಜಿನ್ ಮುಚ್ಚಳ) ಒಳಗೆ ಎಷ್ಟು ಬಿಸಿ ಇರುತ್ತದೆ ನೋಡಿ. ಪಂಪ್ ತಣ್ಣಗಿನ ಜಾಗದಲ್ಲಿ, ಟ್ಯಾಂಕಿಗೆ ಹತ್ತಿರ, ಟ್ಯಾಂಕಿಗಿಂತ ಕೆಳಗೆ ಇರಲಿ. ಮುಂಚೆ ಒರಟು ಫಿಲ್ಟರ್, ಆಮೇಲೆ 10 ಮೈಕ್ರಾನ್ ಫಿಲ್ಟರ್.

ಎರಡನೆಯದು ರಿಟರ್ನ್ ಲೈನ್. ಇಂಥ ಪಂಪ್ ಗಂಟೆಗೆ ನೂರು ಲೀಟರ್‌ಗೂ ಜಾಸ್ತಿ ತಳ್ಳುತ್ತದೆ. ನಿಮ್ಮ ಎಂಜಿನ್‌ಗೆ ಬೇಕಾಗುವುದು ಇಪ್ಪತ್ತರ ಆಸುಪಾಸು. ಉಳಿದದ್ದು ವಾಪಸ್ ಟ್ಯಾಂಕಿಗೆ ಬರಬೇಕು. ಯಾವ ಟ್ಯಾಂಕಿಗೆ? ಎಡದಿಂದ ಎಳೆದು ಬಲಕ್ಕೆ ಬಿಟ್ಟರೆ ನಮ್ಮ ಬಾವಿಯಲ್ಲಿ ಸೇದಿ ಪಕ್ಕದ ಮನೆಯವರ ಬಾವಿಗೆ ಸುರಿದ ಹಾಗೆ. ಎಡ ಟ್ಯಾಂಕ್ ಖಾಲಿ, ಬಲ ಟ್ಯಾಂಕ್ ತುಂಬಿ ವೆಂಟ್‌ನಿಂದ ಹೊರಗೆ. ನಿಮ್ಮ ಸಾದಾ ಸೆಲೆಕ್ಟರ್ ತೆಗೆದು ಡುಪ್ಲೆಕ್ಸ್ ವಾಲ್ವ್ ಹಾಕಿ. ಎಳೆಯುವುದು, ವಾಪಸ್ ಬಿಡುವುದು ಎರಡೂ ಒಂದೇ ಹಿಡಿಯಲ್ಲಿ ಒಟ್ಟಿಗೆ ತಿರುಗುತ್ತವೆ.

ಮತ್ತೆ, ಕಾರ್ಬ್ ಲೈನ್ ಸೋರಿದರೆ ತೊಟ್ಟಿಕ್ಕುತ್ತದೆ. 3 ಬಾರ್ ಲೈನ್ ಸೋರಿದರೆ ಬಿಸಿ ಎಕ್ಸಾಸ್ಟ್ ಮೇಲೆ ಮಂಜಿನ ಹಾಗೆ ಸಿಂಪಡಿಸುತ್ತದೆ. ಕೌಲಿಂಗ್ ಒಳಗೆ ಸ್ಕ್ರೂ ಕ್ಲಾಂಪ್ ಹಾಕಿದ ರಬ್ಬರ್ ಪೈಪ್ ಬೇಡ. ಸ್ಟೀಲ್ ಹೆಣೆದ ಟೆಫ್ಲಾನ್ ಪೈಪ್, ಮೇಲೆ ಫೈರ್ ಸ್ಲೀವ್.

ಶಹಾಪುರ_ಸ್ಪ್ಯಾನರ್

ಯಾರೂ ಇನ್ನೂ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಮಾತು ಎತ್ತಲಿಲ್ಲ. ಈಗ ಬಂಕಿನಲ್ಲಿ ಸಿಗುವುದೇ ಅದು. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಎಷ್ಟೋ ಬೈಕ್‌ಗಳ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಂತಿರುತ್ತದೆ. ಬಾಟಲಿಗೆ ಬಿಟ್ಟರೆ ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎಥನಾಲ್ ನೀರು ಕುಡಿಯುತ್ತದೆ, ಕುಡಿದು ಜಾಸ್ತಿ ಆದಾಗ ಪೆಟ್ರೋಲ್ ಬಿಟ್ಟು ಕೆಳಗಿಳಿಯುತ್ತದೆ. ವಿಮಾನದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದು ತಳದಿಂದಲೇ ಅಲ್ವಾ?

ಕೆಂಪುಮಣ್ಣು_ಬೀದರ್

ಒಳ್ಳೆ ಪಾಯಿಂಟ್. ನಮ್ಮ ಭಾಗದ ಕಬ್ಬೂ ಅದರಲ್ಲಿ ಸೇರಿರಬಹುದು, ಅದು ಬೇರೆ ಮಾತು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ 9 ಸಾಕು. ಇ20ಗೆ ಲೆಕ್ಕ ಹಾಕಿದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ತೂಕದಲ್ಲಿ 8-9% ಜಾಸ್ತಿ ಇಂಧನ ಬೇಕು. ಶುದ್ಧ ಪೆಟ್ರೋಲ್‌ಗೆ ಬರೆದ ಮ್ಯಾಪ್ (ಯಾವಾಗ ಎಷ್ಟು ಇಂಧನ ಬಿಡಬೇಕೆಂದು ಇಸಿಯುಗೆ ಕೊಡುವ ಕೋಷ್ಟಕ) ಇಟ್ಟುಕೊಂಡು ಇ20 ತುಂಬಿಸಿದರೆ ಎಂಜಿನ್ ಅಷ್ಟು ಬಡವಾಗಿ ಓಡುತ್ತದೆ. ಟೇಕಾಫ್‌ನಲ್ಲಿ ಅದು ಆಟ ಅಲ್ಲ.

ರೋಟ್ಯಾಕ್ಸ್ 912 ಸಾಲಿಗೆ ಕಂಪನಿ ಒಪ್ಪಿರುವುದು 10% ಎಥನಾಲ್ ತನಕ. ಆವ್‌ಗ್ಯಾಸ್ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ಈಗ ನಮ್ಮಲ್ಲೇ ತಯಾರಾಗುತ್ತದೆ, ಇಂಡಿಯನ್ ಆಯಿಲ್ 2022ರಲ್ಲಿ ಬಿಡುಗಡೆ ಮಾಡಿತು. ಆದರೆ ಅದರಲ್ಲಿ ಸೀಸ ಇದೆ. ಸೀಸ ಆಮ್ಲಜನಕದ ಸೆನ್ಸರನ್ನು ಕೊಲ್ಲುತ್ತದೆ. ಮ್ಯಾಪ್ ಬರೆಯುವಾಗ ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು, ಆಗ ಬಂಕಿನ ಪೆಟ್ರೋಲ್ ಇರಲಿ. ಯಾವ ಇಂಧನದಲ್ಲಿ ಹಾರುತ್ತೀರೋ ಅದರಲ್ಲೇ ಮ್ಯಾಪ್ ಬರೆಯಿರಿ. ಫೈಬರ್ ಟ್ಯಾಂಕ್ ಆದರೆ ಅದರ ರಾಳ ಎಥನಾಲ್‌ಗೆ ತಡೆಯುತ್ತದಾ ಅಂತ ಮೊದಲು ಒಂದು ತುಂಡು ನೆನೆಸಿಟ್ಟು ನೋಡಿ.

ಭೀಮಾತೀರದ_ಹುಡುಗ

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಡೌಟು. ಇಲ್ಲಿ ಬೇಸಿಗೆಯಲ್ಲಿ ಗಾಳಿ ತೆಳು, ಚಳಿಗಾಲದಲ್ಲಿ ದಪ್ಪ. ಪ್ರತಿ ಸಲ ಮ್ಯಾಪ್ ಬದಲಿಸಬೇಕಾ? ಧೂಳು ಬೇರೆ.

ಕೆಂಪುಮಣ್ಣು_ಬೀದರ್

ಬೇಡ, ಅದೇ ಇದರ ಚೆಂದ. ಇಂಥ ಇಸಿಯು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ ಮೂರನ್ನು ನೋಡಿ ಎಷ್ಟು ಗಾಳಿ ಒಳಗೆ ಹೋಯಿತು ಅಂತ ಲೆಕ್ಕ ಹಾಕುತ್ತದೆ. ಕಲಬುರಗಿ ಸುಮಾರು 460 ಮೀಟರ್ ಎತ್ತರ. 42 ಡಿಗ್ರಿ ದಿನ ಅಲ್ಲಿಯ ಗಾಳಿ ಐದು ಸಾವಿರ ಅಡಿ ಎತ್ತರದ ಗಾಳಿಯಷ್ಟು ತೆಳು. ಇಸಿಯು ತಾನೇ ಇಂಧನ ಇಳಿಸುತ್ತದೆ. ಧೂಳಿನಿಂದ ಏರ್ ಫಿಲ್ಟರ್ ಅರ್ಧ ಕಟ್ಟಿದರೂ ಅಷ್ಟೇ. ಒತ್ತಡ ಅಳೆಯುವುದು ಫಿಲ್ಟರ್ ಆದಮೇಲೆ, ಹಾಗಾಗಿ ಮಿಶ್ರಣ ಕೆಡುವುದಿಲ್ಲ. ಆದರೆ ಕಳೆದುಹೋದ ಶಕ್ತಿಯನ್ನು ಯಾವ ಇಸಿಯು ಕೂಡ ವಾಪಸ್ ತರಲಾರದು. ಮೇ ತಿಂಗಳ ಮಧ್ಯಾಹ್ನ ನಿಮ್ಮ ಎಂಜಿನ್ ಸಮುದ್ರಮಟ್ಟದ ಶಕ್ತಿಯಲ್ಲಿ ಆರನೇ ಒಂದು ಪಾಲಿನಷ್ಟು ಕಡಿಮೆ ಕೊಡುತ್ತದೆ. ರನ್‌ವೇ ಲೆಕ್ಕ ಅದರ ಮೇಲೆ ಹಾಕಿ.

ಮ್ಯಾಪ್ ಬರೆಯುವವರು ಇಲ್ಲೊಂದು ಕಡೆ ಜಾರುತ್ತಾರೆ. ಸ್ಟ್ಯಾಂಡ್ ಮೇಲೆ ಪ್ರೊಪೆಲ್ಲರ್ ಕಟ್ಟಿ ಓಡಿಸಿದರೆ ಆರ್‌ಪಿಎಂ ಮತ್ತು ಒತ್ತಡ ಒಂದೇ ಗೆರೆಯ ಮೇಲೆ ಒಟ್ಟಿಗೆ ಏರುತ್ತವೆ. ಕೋಷ್ಟಕದಲ್ಲಿ ನೂರಾರು ಮನೆ ಇದ್ದರೂ ನೀವು ಮುಟ್ಟುವುದು ಆ ಗೆರೆಯ ಅಕ್ಕಪಕ್ಕದವನ್ನು ಮಾತ್ರ. ಆಕಾಶದಲ್ಲಿ ವೇಗ ಬಂದಾಗ ಪ್ರೊಪೆಲ್ಲರ್ ಹಗುರಾಗುತ್ತದೆ, ಅದೇ ಒತ್ತಡಕ್ಕೆ ಆರ್‌ಪಿಎಂ ಏರುತ್ತದೆ. ಎತ್ತರಕ್ಕೆ ಹೋದರೆ ಒತ್ತಡ ಇಳಿಯುತ್ತದೆ. ಎಂಜಿನ್ ನೀವು ಯಾವತ್ತೂ ನೋಡದ ಮನೆಗಳಿಗೆ ಹೋಗುತ್ತದೆ. ಇನ್ನೊಂದು ದಿಕ್ಕಿನಲ್ಲೂ ಹಾಗೇ. ಕಲಬುರಗಿಯ ನೆಲದಲ್ಲಿ ಒತ್ತಡ 96 ಕಿಲೋಪ್ಯಾಸ್ಕಲ್ ದಾಟುವುದೇ ಕಷ್ಟ. ನಾಳೆ ಮಂಗಳೂರಿನ ಕಡಲ ದಂಡೆಗೆ ಹೋದರೆ ನೂರು ಬರುತ್ತದೆ. ಆ ಸಾಲು ಖಾಲಿ ಬಿಟ್ಟಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಬಡವಾಗುತ್ತದೆ. ನೋಡದ ಮನೆಗಳಿಗೆಲ್ಲ ಸ್ವಲ್ಪ ಗಟ್ಟಿ ಕಡೆಗೇ ಬರೆಯಿರಿ. ಕೈಯಲ್ಲಿ ತಿರುಗಿಸುವ ಮಿಶ್ರಣದ ನಾಬ್ ಒಂದು ಇಟ್ಟುಕೊಳ್ಳಿ.

ತೊಗರಿ_ಕಣಜ

ನಾನಿನ್ನೂ ಕಾರ್ಬ್ ಪಕ್ಷವೇ. ಆದರೆ ಈ ಎಂಜಿನ್‌ಗೆ ಮ್ಯಾಗ್ನೆಟೊ ಇಲ್ಲ ಅನ್ನುವ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮ್ಯಾಗ್ನೆಟೊ ಇರುವ ಎಂಜಿನ್ ಆಗಿದ್ದರೆ ಜಗಳ ಮುಂದುವರಿಸುತ್ತಿದ್ದೆ.

ಹಳೇ_ಏರ್‌ಮನ್

ಅಂಥ ಎಂಜಿನ್ ಆಗಿದ್ದರೆ ನಾನೂ ನಿಮ್ಮ ಪಕ್ಷಕ್ಕೆ ಬರುತ್ತಿದ್ದೆ. ಕನಿಷ್ಠ ಒಂದು ಮ್ಯಾಗ್ನೆಟೊ ಉಳಿಸಿಕೊಳ್ಳಿ ಅನ್ನುತ್ತಿದ್ದೆ.

ರೆಕ್ಕೆ_ಕಲಬುರಗಿ

ತೀರ್ಮಾನ ಆಯಿತು. ಇಂಜೆಕ್ಷನ್, ಎರಡು ಇಸಿಯು, ಎರಡು ಪಂಪ್, ಎರಡು ಬ್ಯಾಟರಿ, ಡುಪ್ಲೆಕ್ಸ್ ವಾಲ್ವ್. ಪಂಪ್ ಸೀಟಿನ ಹಿಂದೆ ಕೆಳಗೆ ಹೋಗುತ್ತದೆ. ಗೆಳೆಯ ಒಪ್ಪಿದ್ದಾನೆ, ಆದರೆ ಖರ್ಚಿನ ಪಟ್ಟಿ ನೋಡಿ ಮಾತು ಬಿಟ್ಟಿದ್ದಾನೆ. ಸ್ಟ್ಯಾಂಡ್ ಮೇಲೆ ಮೊದಲು ಯಾವ ಪರೀಕ್ಷೆ ಮಾಡಬೇಕು?

ಹಳೇ_ಏರ್‌ಮನ್

ಪೂರ್ತಿ ಥ್ರಾಟಲ್ ಆಸೆ ಪಕ್ಕಕ್ಕಿಡಿ. ಮೊದಲು ಕ್ರೂಸ್ ಆರ್‌ಪಿಎಂನಲ್ಲಿ ಓಡಿಸಿ ಆಲ್ಟರ್ನೇಟರ್ ಫೀಲ್ಡ್ ತೆಗೆಯಿರಿ. ಬ್ಯಾಟರಿ ಒಂದರ ಮೇಲೆ ಎಂಜಿನ್ ನಿಲ್ಲುವ ತನಕ ಬಿಡಿ. ನಿಮಿಷಕ್ಕೊಮ್ಮೆ ವೋಲ್ಟೇಜ್, ಇಂಧನ ಒತ್ತಡ ಬರೆದುಕೊಳ್ಳಿ. ಎಷ್ಟು ವೋಲ್ಟ್‌ನಲ್ಲಿ ಒತ್ತಡ ಕುಸಿಯಲು ಶುರುವಾಯಿತು, ಅದೇ ನಿಮ್ಮ ಎಚ್ಚರಿಕೆ ದೀಪದ ಅಂಕಿ. ಇದೇ ಪರೀಕ್ಷೆ ಎರಡನೇ ಬ್ಯಾಟರಿಗೂ ಮಾಡಿ. ಆಮೇಲೆ ಓಡುತ್ತಿರುವಾಗಲೇ ಒಂದೊಂದು ಫ್ಯೂಸ್ ಕಿತ್ತು ನೋಡಿ, ಒಂದೊಂದು ಸೆನ್ಸರ್ ಪ್ಲಗ್ ತೆಗೆದು ನೋಡಿ. ಕೀಳುವವನು ಪ್ರೊಪೆಲ್ಲರ್ ಸುತ್ತುವ ನೇರದಲ್ಲಿ ನಿಲ್ಲಬಾರದು, ಹಿಂದೆ ನಿಲ್ಲಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ, ಶೆಡ್ ಬಾಗಿಲು ತೆರೆದಿರಲಿ.

ಶಹಾಪುರ_ಸ್ಪ್ಯಾನರ್

ಯಾವ ಭಾನುವಾರ ಅಂತ ಹೇಳಿ. ನನ್ನ ಹತ್ತಿರ ಒತ್ತಡದ ಗೇಜ್ ಇದೆ, ಇಂಜೆಕ್ಟರ್ ಟೆಸ್ಟ್ ಮಾಡುವ ಸೆಟ್ ಇದೆ. ನಾಲ್ಕೂ ಇಂಜೆಕ್ಟರ್ ಬಿಚ್ಚಿಡಿ, ಓಡಿಸುವ ಮುಂಚೆ ಒಂದೇ ಸಮ ಸುರಿಯುತ್ತವಾ ಅಂತ ಅಳತೆ ಲೋಟದಲ್ಲಿ ನೋಡೋಣ.